ಒಂದೇ ಮಾರುಕಟ್ಟೆಯೇ? ಬೋರ್ದಿಯೋ ಮತ್ತು ಮನೂರಿನ ಭಾಷೆಗಳು

ಮೇಡಂ ಈಗಷ್ಟೇ ವಿವರಿಸಿದ ಬೋರ್ದಿಯೋ ಅವರ 'ಭಾಷಾ ಮಾರುಕಟ್ಟೆ'ಯಿಂದಲೇ ಶುರು ಮಾಡ್ತೀನಿ. ಪ್ರಭುತ್ವ, ಶಾಲೆ ಎರಡೂ ಸೇರಿ ಒಂದು ಭಾಷೆಗೆ ಬೆಲೆ ಕಟ್ಟುತ್ತವೆ, ಉಳಿದ ನುಡಿಗಳು ಅಗ್ಗವಾಗುತ್ತವೆ. 1982ರ ಪುಸ್ತಕದ ವಾದ ಇದು. ನಾನು ಮನೂರ್ ಕಡೆಯವನು, ನನಗಿದು ಅರ್ಧ ಮಾತ್ರ ಒಪ್ಪಿಗೆ.

ಒಪ್ಪುವ ಅರ್ಧ ಮೊದಲು. ಬೋರ್ದಿಯೋ ಸ್ವತಃ ಬೇಯಾರ್ನ್ ಹಳ್ಳಿಗಾಡಿನವರು, ಫ್ರೆಂಚಿನ ಮುಂದೆ ಊರ ನುಡಿ ತಲೆ ತಗ್ಗಿಸಿದ್ದನ್ನು ಕಂಡವರು. ಕನ್ನಡ ಬೆರೆತ ನನ್ನ ತೆಲುಗಿಗೆ ಕ್ಲಾಸಿನಲ್ಲಿ ನಕ್ಕಾಗ ನನಗೂ ಅದು ತಿಳೀತು.

ಆದರೆ ಅವರ ಫ್ರಾನ್ಸಿನಲ್ಲಿ ಮಾರುಕಟ್ಟೆ ಒಂದೇ, ಗೆದ್ದ ಭಾಷೆಯೂ ಒಂದೇ. ನಮ್ಮಲ್ಲಿ ನಿಜಾಮರ ಕಾಲಕ್ಕೆ ಕಚೇರಿ ಭಾಷೆ ಉರ್ದು. 1956ರಲ್ಲಿ ನಾರಾಯಣಖೇಡ ತಾಲ್ಲೂಕು ಬೀದರ ಜಿಲ್ಲೆ ಬಿಟ್ಟು ಆಂಧ್ರಪ್ರದೇಶಕ್ಕೆ ಸೇರಿತು, ಬೆಲೆ ತೆಲುಗಿಗೆ ಬಂತು. ಉರ್ದು ಓದಿ ಜಾಣ ಅನ್ನಿಸಿಕೊಂಡವರು ಅರ್ಜಿ ಬರೆಸೋಕೆ ಇನ್ನೊಬ್ಬರ ಮನೆಗೆ ಹೋಗಬೇಕಾಯ್ತು. ಬಂಡವಾಳ ಅಂದರೆ ಕೂಡಿಡುವಂಥದ್ದು ತಾನೆ? ಇಲ್ಲಿ ಕೂಡಿಟ್ಟದ್ದೇ ಗಡಿ ಗೆರೆಯ ಜೊತೆ ಸವೆದು ಹೋಯ್ತು.

ನಮ್ಮ ಅವ್ವ ಶಾಲೆ ಕಂಡವಳಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ. ಬೋರ್ದಿಯೋ ಲೆಕ್ಕದಲ್ಲಿ ಆಕೆ ಬಡವಿ. ತೊಗರಿ ಮಾರೋವಾಗ ಮಾತ್ರ ದಲಾಲಿಗಳು ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಿ ದರ ಪಿಸುಗುಟ್ಟಿದರೂ ಆಕೆಗೆ ಗೊತ್ತಾಗ್ತಿತ್ತು.