ರಾಮರಾಯನ ತಕ್ಕಡಿ

ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ನಾಟಕವನ್ನು ವಿಜಯನಗರದ ಪತನದ ಕಥೆಯೆಂದು ಓದುವುದು ಸುಲಭ. ಕೃಷ್ಣಾ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನವರಿಗೆ, ನಮ್ಮ ಕುರ್ಡಿ, ಮಾನ್ವಿ, ರಾಯಚೂರಿನ ಕಡೆಯವರಿಗೆ, ಅದು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ: ಯುದ್ಧವನ್ನು ಹತೋಟಿಯಲ್ಲಿಡಲು ಬಲಾಢ್ಯನೊಬ್ಬನ ಜಾಣತನ ಸಾಕೇ? ಬಹಮನಿಗಳೂ ಆಮೇಲೆ ಬಿಜಾಪುರದವರೂ ವಿಜಯನಗರದೊಡನೆ ಮತ್ತೆ ಮತ್ತೆ ಕಾದಾಡಿದ್ದು ಇಲ್ಲಿನ ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ.

1565ರ ಯುದ್ಧವನ್ನು ಎರಡು ಧರ್ಮಗಳ ಕಾಳಗವಾಗಿ ನೋಡುವ ರೂಢಿಗೆ ಕಾರ್ನಾಡರು ಸಿಕ್ಕಿಕೊಳ್ಳುವುದಿಲ್ಲ. ಇದು ನಾಟಕದ ದೊಡ್ಡ ಬಲ. ಅಳಿಯ ರಾಮರಾಯ ಹಿಂದೊಮ್ಮೆ ಗೋಲ್ಕೊಂಡದ ಸೇವೆಯಲ್ಲಿದ್ದವನು. ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮೊದಲು ವಿಜಯನಗರದಲ್ಲಿ ವರ್ಷಗಟ್ಟಲೆ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾ ರಾಮರಾಯನ ಜೊತೆಗೂಡಿಯೇ ಅಹಮದನಗರದ ಮೇಲೆ ದಂಡೆತ್ತಿದ್ದ. ಒಬ್ಬ ಸುಲ್ತಾನ ಮೇಲೆದ್ದರೆ ಇನ್ನೊಬ್ಬನ ಕಡೆ ತೂಕ ಹಾಕುವುದು ರಾಮರಾಯನ ನೀತಿ. ತಕ್ಕಡಿ ಸದಾ ಅವನ ಕೈಯಲ್ಲೇ.

ನಾಟಕದ ಪಕ್ಕದಲ್ಲಿ 1547ರ ಒಪ್ಪಂದವೊಂದನ್ನು ಇಟ್ಟು ನೋಡಬೇಕು. ಪೋರ್ಚುಗೀಸರು ಗೋವಾದಲ್ಲಿ ಇಳಿಯುವ ಕುದುರೆಗಳನ್ನು ವಿಜಯನಗರಕ್ಕಷ್ಟೇ ಕೊಡಬೇಕು. ವಿಜಯನಗರದ ಕಬ್ಬಿಣ, ಪೆಟ್ಲುಪ್ಪು ಬಿಜಾಪುರಕ್ಕೆ ಹೋಗಕೂಡದು. ಪೆಟ್ಲುಪ್ಪಿಲ್ಲದೆ ಮದ್ದಿಲ್ಲ, ಮದ್ದಿಲ್ಲದೆ ತೋಪಿಲ್ಲ. ಮೇಲುನೋಟಕ್ಕೆ ಇದು ಶಸ್ತ್ರ ನಿಯಂತ್ರಣ. ಆದರೆ ನಿಯಂತ್ರಣವೆಂದರೆ ಇಬ್ಬರೂ ತಮ್ಮ ಕೈ ಕಟ್ಟಿಕೊಳ್ಳುವುದು. ಇಲ್ಲಿ ಕಟ್ಟಿದ್ದು ಎದುರಾಳಿಯ ಕೈ ಮಾತ್ರ. ಅಂಥ ಒಪ್ಪಂದ ಭಯವನ್ನು ಹುಟ್ಟಿಸುತ್ತದೆ, ನಂಬಿಕೆಯನ್ನಲ್ಲ.

ಭಯಕ್ಕೆ ಅವಮಾನ ಸೇರಿದರೆ ತಕ್ಕಡಿ ಮುರಿಯುತ್ತದೆ. ರಾಮರಾಯನ ಮಗ ತೀರಿಕೊಂಡಾಗ ಅಲಿ ಸ್ವತಃ ಸಾಂತ್ವನ ಹೇಳಲು ವಿಜಯನಗರಕ್ಕೆ ಬಂದ. ಹೊರಡುವಾಗ ರಾಮರಾಯ ಅವನನ್ನು ಬೀಳ್ಕೊಡಲು ಜೊತೆಗೆ ಬರಲಿಲ್ಲ, ಅದು ಅಲಿಯ ಮನಸ್ಸಿನಲ್ಲಿ ಉಳಿಯಿತು ಎನ್ನುತ್ತಾನೆ ಫೆರಿಷ್ತಾ. ಬಿಜಾಪುರದ ಆಸ್ಥಾನದ ಇತಿಹಾಸಕಾರನ ಮಾತಾದ್ದರಿಂದ ತುಸು ಎಚ್ಚರದಿಂದಲೇ ಓದೋಣ. ಆದರೂ ಅದರ ತರ್ಕ ಗಟ್ಟಿಯಾಗಿದೆ. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಕೆನಡಿ ಟರ್ಕಿಯ ಕ್ಷಿಪಣಿಗಳನ್ನು ತೆಗೆಸಲು ಗುಟ್ಟಾಗಿ ಒಪ್ಪಿ, ಕ್ರುಶ್ಚೇವ್‌ಗೆ ಹಿಂದೆ ಸರಿಯಲು ದಾರಿ ಬಿಟ್ಟಿದ್ದ. ರಾಮರಾಯ ಬಿಡಲಿಲ್ಲ. ಇತ್ತ ಸುಲ್ತಾನರು ಅವನ ವಿದ್ಯೆಯನ್ನೇ ಕಲಿತರು. ಅಹಮದನಗರದ ಚಾಂದಬೀಬಿ ಅಲಿಯ ಮಡದಿಯಾದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ನಿನ್ನೆಯ ಶತ್ರುಗಳು ಬೀಗರಾದರು.

ನಾಟಕದ ಬಗ್ಗೆ ನನ್ನ ತಕರಾರು ಇಲ್ಲಿದೆ. ಅದು ದುರಂತವನ್ನು ಹೆಚ್ಚಾಗಿ ರಾಮರಾಯನ ವ್ಯಕ್ತಿತ್ವದಲ್ಲಿ, ಅವನ ವಂಶಾಭಿಮಾನದಲ್ಲಿ ಹುಡುಕುತ್ತದೆ. ಅವನು ವಿನಯವಂತನೇ ಆಗಿದ್ದರೂ, ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಟ್ಟಳೆಯೊಂದು ಇಲ್ಲದ ಶಾಂತಿ ಅವನ ಆಯುಸ್ಸಿನಾಚೆ ಬಾಳುತ್ತಿತ್ತೇ? ಅವನನ್ನು ಕೊಂದ ಒಕ್ಕೂಟವೂ ಬಾಳಲಿಲ್ಲ. ರಾಯಚೂರು, ಮುದಗಲ್ಲು ಬಿಜಾಪುರಕ್ಕೆ ಸೇರಿದವು. ಗೆದ್ದವರು ಬೇಗನೆ ತಮ್ಮತಮ್ಮಲ್ಲೇ ಜಗಳಕ್ಕಿಳಿದರು. ಅಣ್ವಸ್ತ್ರಗಳ ಭಯವನ್ನೇ ಶಾಂತಿ ಎಂದು ಕರೆಯುವ ಈ ಕಾಲದಲ್ಲಿ ‘ರಾಕ್ಷಸ ತಂಗಡಿ’ಯನ್ನು ಓದುವವರು ತಕ್ಕಡಿ ಹಿಡಿದವನ ಗುಣವನ್ನಷ್ಟೇ ಅಲ್ಲ, ಅದು ಒಬ್ಬನ ಕೈಯಲ್ಲೇ ಯಾಕಿತ್ತು ಎಂಬುದನ್ನೂ ಕೇಳಬೇಕು.