ಸ್ಟುಡಿಯೊದೊಳಗೆ ಕಟ್ಟಿದ ಹಿತ್ತಿಲು

ಕಾದು ಕೂತು ತೆಗೆದದ್ದಷ್ಟೇ ಚಿತ್ರ, ಜೋಡಿಸಿ ತೆಗೆದದ್ದೆಲ್ಲ ಬರೀ ಆಟ ಎಂದು ವಾದಿಸುವ ಛಾಯಾಗ್ರಾಹಕ ಮಿತ್ರರು ಅಮೆರಿಕದ ಗ್ರೆಗರಿ ಕ್ರೂಡ್ಸನ್ ಅವರ ‘ನ್ಯಾಚುರಲ್ ವಂಡರ್’ ಸರಣಿಯನ್ನು ನೋಡಬೇಕು. 1992ರಿಂದ 1997ರವರೆಗಿನ ಈ ಚಿತ್ರಗಳಲ್ಲಿ ಹಕ್ಕಿ, ಚಿಟ್ಟೆ, ಹೂಬಳ್ಳಿಗಳಿವೆ; ಹಿಂದೆ ಉಪನಗರದ ಅಚ್ಚುಕಟ್ಟಾದ ಮನೆಗಳಿವೆ. ಇವೆಲ್ಲವೂ ಸ್ಟುಡಿಯೊದೊಳಗೆ ಕಟ್ಟಿ, ಲೈಟು ಹಾಕಿ ತೆಗೆದಂಥವು.

1993ರ ಒಂದು ಚಿತ್ರ ನನ್ನನ್ನು ಬಿಟ್ಟೂಬಿಡದೆ ಕಾಡಿದೆ. ನೆಲದ ಮೇಲೆ ಮೊಟ್ಟೆಗಳ ಒಂದು ಉಂಗುರ. ಪಕ್ಕದಲ್ಲಿ ರಾಬಿನ್ ಹಕ್ಕಿ. ಯಾವ ಹಕ್ಕಿಯೂ ಹೀಗೆ ವೃತ್ತಾಕಾರವಾಗಿ ಮೊಟ್ಟೆಯಿಡುವುದಿಲ್ಲ. ಹಾಗಾದರೆ ಇಟ್ಟವರು ಯಾರು, ಯಾತಕ್ಕೆ? ಚಿತ್ರ ಉತ್ತರ ಕೊಡುವುದಿಲ್ಲ. ಇದೇ ಸರಣಿಯ ಬೇರೆ ಚಿತ್ರಗಳಲ್ಲಿ ಗಿಡಗಂಟಿಗಳ ನಡುವೆ ಕೊಳೆಯುತ್ತಿರುವ ಮನುಷ್ಯನ ಅಂಗಗಳು ಕಾಣುತ್ತವೆ. ಅವು ಕ್ರೂಡ್ಸನ್ ತಮ್ಮದೇ ಮೈಯಿಂದ ತೆಗೆಸಿದ ಅಚ್ಚುಗಳು.

ಉಪನಗರದ ಹುಲ್ಲುಹಾಸು ತಾನೇ ಒಂದು ಜೋಡಣೆ. ವಾರವಾರ ಕತ್ತರಿಸಿ, ನೀರುಣಿಸಿ, ಕಳೆ ಕೊಂದು, ಪ್ರಕೃತಿಯನ್ನು ಹೇಳಿದಂತೆ ಕೇಳಿಸುವ ಜಾಗ ಅದು. ಅದರ ಅಡಿಯಲ್ಲಿ ಏನು ಹುದುಗಿದೆ ಎಂದು ತೋರಿಸಲು ಜೋಡಿಸಿದ ಚಿತ್ರವೇ ತಕ್ಕ ದಾರಿ. ಕ್ರೂಡ್ಸನ್ ಅವರ ತಂದೆ ಮನೋವಿಶ್ಲೇಷಕ. ಬ್ರೂಕ್ಲಿನ್ನಿನ ಮನೆಯ ನೆಲಮಾಳಿಗೆಯಲ್ಲೇ ತಂದೆ ರೋಗಿಗಳನ್ನು ನೋಡುವ ಕೋಣೆ. ಕೆಳಗಿನ ಮಾತು ಕೇಳಿಸೀತೇ ಎಂದು ಕಿವಿಗೊಡುತ್ತಿದ್ದ ಹುಡುಗನೇ ಮುಂದೆ ಹುಲ್ಲಿನಡಿಯ ಲೋಕಕ್ಕೆ ಕ್ಯಾಮೆರಾ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ!

ಹೆಸರು ತಂದುಕೊಟ್ಟದ್ದು ಮಾತ್ರ ಆಮೇಲಿನ ‘ಟ್ವಿಲೈಟ್’ (1998–2002). ಅಲ್ಲಿ ಸಿನಿಮಾದಷ್ಟೇ ದೊಡ್ಡ ತಂಡ, ಸಿನಿಮಾದ್ದೇ ಲೈಟುಗಳು. 2001ರ ‘ಒಫೀಲಿಯಾ’ಕ್ಕಾಗಿ ಸೆಟ್ಟಿನಲ್ಲಿ ನಡುಮನೆಯನ್ನೇ ಕಟ್ಟಿ ನೀರು ತುಂಬಿಸಿದರು, ಸೋಫಾ, ದೀಪಗಳ ನಡುವೆ ಹೆಂಗಸೊಬ್ಬಳು ಕಣ್ಣು ತೆರೆದೇ ತೇಲುತ್ತಾಳೆ. ಚಿತ್ರಕಾರ ಮಿಲೇ 1851–52ರಲ್ಲಿ ಬರೆದ ವರ್ಣಚಿತ್ರದ ಒಫೀಲಿಯಾ ಹೊಳೆಯಲ್ಲಿದ್ದಳು, ಇಲ್ಲಿ ಹೊಳೆಯೇ ಮನೆಯೊಳಗೆ ಬಂದಿದೆ. ಅದ್ಭುತ ಕೆಲಸ, ನಿಜ. ಆದರೂ ಅದನ್ನು ನೋಡುವಾಗ ನನ್ನ ಗಮನ ಪದೇ ಪದೇ ಬೆಳಕಿನ ಜಾಣ್ಮೆಯ ಕಡೆಗೇ ಸರಿಯುತ್ತದೆ. ಮೊಟ್ಟೆಯ ಉಂಗುರದ ಮುಂದೆ ಹಾಗಾಗುವುದಿಲ್ಲ. ಎಲ್ಲ ಕೃತಕವೆಂದು ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ.

ಕ್ರೂಡ್ಸನ್ ಅವರನ್ನು ಹೊಸದಾಗಿ ನೋಡುವವರು ಆ ಹಿತ್ತಿಲಿನಿಂದಲೇ ಶುರುಮಾಡಿ, ‘ಒಫೀಲಿಯಾ’ ಆಮೇಲೆ ಇರಲಿ. ಮೊಬೈಲಿನಲ್ಲಿ ಸರಸರನೆ ಸರಿಸದೆ, ಸಾಧ್ಯವಾದರೆ ಅಚ್ಚಾದ ಪುಟದಲ್ಲೇ ನೋಡಿ.