ರಸಾಯನಶಾಸ್ತ್ರದ ಪದಕಗಳು: ದಾನಿಯ ಹಣ ಮತ್ತು ಸಂಘದ ಹೊಣೆ

ವಿದ್ವತ್ಸಂಘಗಳು ನೀಡುವ ಪದಕ ಪಾರಿತೋಷಕಗಳನ್ನು ಕುರಿತು ಅಭಿನಂದನೆಯ ಮಾತುಗಳು ಹೇರಳವಾಗಿ ಕೇಳಬರುತ್ತವೆ. ವಿಮರ್ಶೆಯ ಮಾತು ವಿರಳ. ಪದಕ ಯಾರಿಗೆ ಸಂದಿತೆಂದು ಎಲ್ಲರೂ ವಿಚಾರಿಸುತ್ತಾರೆ; ಹಣ ಯಾರದು, ಹೆಸರುಗಳನ್ನು ಸೂಚಿಸಿದವರು ಯಾರು, ತೀರ್ಪು ಯಾರದು ಎಂದು ವಿಚಾರಿಸುವವರು ಕೆಲವರೇ. ದಾನಿಯ ಹಣ ಬೆರೆತಲ್ಲಿ ತೀರ್ಪು ಕೆಡುತ್ತದೆಂಬ ಶಂಕೆಯಂತೂ ಸಾಮಾನ್ಯವಾಗಿದೆ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಪ್ರಶಸ್ತಿಗಳ ಇತಿಹಾಸವನ್ನು ಪರಿಶೀಲಿಸಿದರೆ ಈ ಶಂಕೆ ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಆ ಸಂಘದ ಶುದ್ಧ ರಸಾಯನಶಾಸ್ತ್ರದ ಪ್ರಶಸ್ತಿ ಮೊದಲು ಸಂದದ್ದು 1931ರಲ್ಲಿ, ಲೈನಸ್ ಪಾಲಿಂಗ್ ಅವರಿಗೆ. ಅದರ 1000 ಡಾಲರುಗಳನ್ನು ಒದಗಿಸಿದವರು ಎ. ಸಿ. ಲ್ಯಾಂಗ್‌ಮ್ಯೂರ್; ಪ್ರಸಿದ್ಧ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರ ಅಣ್ಣ. ತರುಣ ಸಂಶೋಧಕರನ್ನು ಪ್ರೋತ್ಸಾಹಿಸುವುದು ದಾನಿಯ ಉದ್ದೇಶವಾಗಿತ್ತು. ಆಗ ಪಾಲಿಂಗ್ ಅವರಿಗೆ 30 ವರ್ಷ; ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ದೊರೆತದ್ದು 1954ರಲ್ಲಿ. ಮುಂದೆ ಈ ಪ್ರಶಸ್ತಿಯ ಪೋಷಣೆ ಆಲ್ಫಾ ಕೈ ಸಿಗ್ಮ ಎಂಬ ವೃತ್ತಿಸಂಘಕ್ಕೆ ಸೇರಿತು. ದಾನಿ ಬದಲಾದರೂ ಪ್ರಶಸ್ತಿ ಉಳಿಯಿತು. ಉದ್ದೇಶವನ್ನು ದಾನಿ ನಿರ್ಧರಿಸಿ, ಆಯ್ಕೆಯನ್ನು ಸಂಘ ನಡೆಸಿದಲ್ಲಿ ಹಣದಿಂದ ಕೇಡೇನೂ ಇಲ್ಲವೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ನಿದರ್ಶನ ಇದಕ್ಕಿಂತ ಜಟಿಲವಾದುದು. ಫ್ರಾನ್ಸಿಸ್ ಗಾರ್ವನ್ ರಸಾಯನಶಾಸ್ತ್ರಜ್ಞರಲ್ಲ, ವಕೀಲರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ವಶಪಡಿಸಿಕೊಂಡ ಜರ್ಮನರ ಬಣ್ಣ ಹಾಗೂ ಔಷಧಗಳ ಪೇಟೆಂಟುಗಳನ್ನು ಪಡೆದ ಕೆಮಿಕಲ್ ಫೌಂಡೇಶನ್ನಿಗೆ ಅವರು ಅಧ್ಯಕ್ಷರಾಗಿದ್ದರು. 1936ರಲ್ಲಿ ಅವರು ಸ್ತ್ರೀ ರಸಾಯನಶಾಸ್ತ್ರಜ್ಞರಿಗೆಂದೇ ಒಂದು ಪದಕವನ್ನು ಸ್ಥಾಪಿಸಿದರು. 1937ರಲ್ಲಿ ಅದು ಎಮ್ಮಾ ಪೆರಿ ಕಾರ್ ಅವರಿಗೆ ಸಂದಿತು. 1948ರಲ್ಲಿ, ಅಂದರೆ ನೊಬೆಲ್ ಪಾರಿತೋಷಕ ಬಂದ ಮರುವರ್ಷ, ಗರ್ಟಿ ಕೋರಿ ಅವರಿಗೆ ಸಂದಿತು.

ಇನ್ನು ಸಂಘದ ಪರಮೋಚ್ಚ ಗೌರವವಾದ ಪ್ರೀಸ್ಟ್ಲಿ ಪದಕವನ್ನು ನೋಡೋಣ. ಇದು ಯಾವ ಉದ್ಯಮದ ಹಂಗಿನದೂ ಅಲ್ಲ, ಸಂಘದ್ದೇ ಪದಕ. 1923ರಲ್ಲಿ ಅದು ಮೊದಲಿಗೆ ಐರಾ ರೆಮ್ಸೆನ್ ಅವರಿಗೆ ದೊರೆಯಿತು. ಸ್ತ್ರೀಯೊಬ್ಬರಿಗೆ, ಮೇರಿ ಗುಡ್ ಅವರಿಗೆ, ಅದು ಸಂದದ್ದು 1997ರಲ್ಲಿ. ನಡುವೆ ಕಳೆದದ್ದು 74 ವರ್ಷ. ಗರ್ಟಿ ಕೋರಿ ಅವರು ಆ ಗೌರವವನ್ನು ಕಾಣದೆಯೇ 1957ರಲ್ಲಿ ತೀರಿಕೊಂಡರು. ಉದ್ಯಮದ ನಂಟುಳ್ಳ ವಕೀಲನ ದಾನ ಕಂಡ ಯೋಗ್ಯತೆಯನ್ನು ಹಂಗಿಲ್ಲದ ಸಂಘ ಮುಕ್ಕಾಲು ಶತಮಾನ ಕಾಣದೆ ಹೋಯಿತು. ಗಾರ್ವನ್ ಅವರ ದಾನವೂ ನಿರ್ದೋಷವೆಂದು ನಾವು ಹೇಳಲಾರೆವು. ಬೇರೆ ಎಲೆ ಹಾಕಿ ಎಷ್ಟೇ ಆದರದಿಂದ ಬಡಿಸಿದರೂ ಪಂಕ್ತಿಭೇದ ಪಂಕ್ತಿಭೇದವೇ. ಸ್ತ್ರೀಯರಿಗೆ ಪ್ರತ್ಯೇಕ ಪದಕವಿದೆಯಲ್ಲ ಎಂಬ ಸಮಾಧಾನ ಮುಖ್ಯ ಪಂಕ್ತಿಯಲ್ಲಿನ ಕೊರತೆಯನ್ನು ಮರೆಸಬಲ್ಲದು.

ಹಾಗಾದರೆ ದೋಷದ ಮೂಲವೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಅದು ನಾಮನಿರ್ದೇಶನದಲ್ಲಿದೆ. ಆಯ್ಕೆಯ ಸಮಿತಿ ತನ್ನ ಮುಂದೆ ಬಂದ ಹೆಸರುಗಳನ್ನು ಮಾತ್ರ ತೂಗಬಲ್ಲದು. ದೊಡ್ಡ ಪ್ರಯೋಗಶಾಲೆಯವರ ಪರವಾಗಿ ಪತ್ರ ಬರೆಯಲು ಗುರುಗಳೂ ಶಿಷ್ಯರೂ ಇರುತ್ತಾರೆ; ಸಣ್ಣ ಕಾಲೇಜಿನ ಮೂಲೆಯಲ್ಲಿ ದುಡಿಯುವವರ ಹೆಸರನ್ನು ಎತ್ತುವವರೇ ಇರುವುದಿಲ್ಲ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2019ರಲ್ಲಿ ತನ್ನ ಪಾರಿತೋಷಕಗಳ ಪುನರ್ವಿಮರ್ಶೆಯನ್ನು ಪ್ರಕಟಿಸಿ, 2021ರಿಂದ ತಂಡಗಳಿಗೂ ಹೊರೈಜನ್ ಎಂಬ ಪಾರಿತೋಷಕಗಳನ್ನು ನೀಡತೊಡಗಿತು. ಒಬ್ಬರ ಕೊರಳಿಗೆ ಹಾಕುವ ಪದಕ ಹಲವರ ದುಡಿಮೆಯನ್ನು ಮರೆಮಾಡುತ್ತದೆಂಬುದನ್ನು ಒಪ್ಪಿಕೊಂಡ ಈ ಕ್ರಮ ಶ್ಲಾಘ್ಯವಾದುದು.

ನಮ್ಮ ದೇಶದಲ್ಲಿ 1957ರಲ್ಲಿ ಸ್ಥಾಪಿತವಾದ ಶಾಂತಿಸ್ವರೂಪ ಭಟ್ನಾಗರ್ ಪುರಸ್ಕಾರಕ್ಕೆ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನ ಪರಿಷತ್ತೇ ಪೋಷಕ. ಅದು 1961ರಲ್ಲಿ ಅಸೀಮಾ ಚಟರ್ಜಿ ಅವರನ್ನು ರಸಾಯನಶಾಸ್ತ್ರದಲ್ಲಿ ಗೌರವಿಸಿತು. 2023ರಲ್ಲಿ ಸರ್ಕಾರ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳನ್ನು ಏರ್ಪಡಿಸಿದಾಗ ಭಟ್ನಾಗರ್ ಅವರ ಹೆಸರು ತರುಣರ ವಿಭಾಗದಲ್ಲಿ ಉಳಿಯಿತು. ನಗದು ಹಣ ನಿಂತುಹೋಯಿತು. 2024ರ ಮೊದಲ ವಿಜ್ಞಾನರತ್ನ ಬೆಂಗಳೂರಿನ ಜೀವರಸಾಯನಶಾಸ್ತ್ರಜ್ಞ ಜಿ. ಪದ್ಮನಾಭನ್ ಅವರಿಗೆ ಸಂದದ್ದು ನಮಗೆ ಸಂತೋಷದ ಸಂಗತಿ. ಆದರೆ ಹಣವನ್ನು ತೆಗೆದ ಮಾತ್ರಕ್ಕೆ ಹೆಸರು ಸೂಚಿಸುವವರಾರೆಂಬ ಪ್ರಶ್ನೆ ತೀರುವುದಿಲ್ಲ.

ನಮ್ಮ ವಿಶ್ವವಿದ್ಯಾನಿಲಯಗಳ ದತ್ತಿಪದಕಗಳಿಗೂ ವೃತ್ತಿಸಂಘಗಳ ಪ್ರಶಸ್ತಿಗಳಿಗೂ ಇದರಿಂದ ದೊರೆಯುವ ಪಾಠವೊಂದೇ. ದಾನಿ ಉದ್ದೇಶವನ್ನು ಹೇಳಲಿ. ಅಲ್ಲಿಗೆ ಅವನ ಅಧಿಕಾರ ಮುಗಿಯಲಿ. ಸಮಿತಿಯಲ್ಲಿ ಅವನಿಗೆ ಮತ ಬೇಡ. ಸಂಘವಾದರೋ ಬಂದ ಹೆಸರುಗಳನ್ನು ಕಾಯುತ್ತ ಕುಳಿತಿರದೆ ಬಾರದ ಹೆಸರುಗಳನ್ನು ಹುಡುಕಿ ತರಬೇಕು. ಯಾರ ಹೆಸರು ಎಷ್ಟು ಕಾಲ ಬರಲೇ ಇಲ್ಲವೆಂಬ ಲೆಕ್ಕವನ್ನೂ ಇಡಬೇಕು. ದಾನಿಯನ್ನು ದೂರವಿಡುವುದು ಸುಲಭ. ಈ ಹುಡುಕಾಟ ಕಷ್ಟದ್ದು. ಪದಕದ ಮಾನ ನಿಂತಿರುವುದು ಅದರ ಮೇಲೆಯೇ.